ಎರಡನೆಯ ಗಡಿಯಾರ

“ಎಷ್ಟಕ್ಕ ಮನಿ ಬಿಟ್ಟ ಅಂತ ಹೇಳ್ಯಾಳ್ರಿ ಅವನ ಹೆಂಡ್ತಿ?”

ಧರೆಪ್ಪನವರು ನೋಟ್‌ಬುಕ್ಕಿನಿಂದ ಕಣ್ಣು ತೆಗೆಯದೆ ಕೇಳಿದರು.

“ಹನ್ನೊಂದು ಹೊಡದಿತ್ತಂತ. ಬಾಗೇವಾಡಿ ಬಸ್ಸು ಹೋದ ಹತ್ತು ನಿಮಿಷಕ್ಕ,” ಎಂದಳು ಬಾಗೇವಾಡಿ ಠಾಣೆಯ ಪಿಎಸ್‌ಐ ರಾಜಶ್ರೀ.

“ಬುಕ್ಕಿನ್ಯಾಗ?”

“ಐದು ನಲವತ್ತು ಅಂತ ಐತಿ. ಅದೇ ನನಗ ತಿಳೀವಲ್ದು ಕಾಕಾ. ಅದಕ್ಕ ಇಂಡಿತನಾ ಬಂದೇನಿ.”

ಮೋಟಾರ್ ವೈಂಡಿಂಗ್ ಅಂಗಡಿಯ ತುಂಬ ಸುಟ್ಟ ವಾರ್ನಿಷಿನ ವಾಸನೆ. ಬಿಚ್ಚಿಟ್ಟ ಬೋರ್‌ವೆಲ್ ಮೋಟಾರುಗಳ ನಡುವೆ ಒಂದೇ ಒಂದು ಕುರ್ಚಿ. ಅದನ್ನು ರಾಜಶ್ರೀಗೆ ಕೊಟ್ಟು ಧರೆಪ್ಪನವರು ತಂತಿಯ ಸುರುಳಿಯೊಂದರ ಮೇಲೆ ಕುಳಿತಿದ್ದರು. ಇಪ್ಪತ್ತನಾಲ್ಕು ವರ್ಷ ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದವರು. ಅದರಲ್ಲಿ ಒಂದು ವರ್ಷ ಆಫ್ರಿಕಾದಲ್ಲಿ, ನೀಲಿ ಟೋಪಿಯ ಶಾಂತಿಪಡೆಯ ಜೊತೆ.

ಈಗ ಕಾಣೆಯಾಗಿರುವ ಸಿಗ್ನಲ್ಸ್ ಯೋಧ ಸಿದ್ದಾರೂಢನೂ ಅಂಥದ್ದೇ ಠಾಣ್ಯದಿಂದ ಹನ್ನೊಂದು ತಿಂಗಳ ನಂತರ ರಜೆಗೆ ಬಂದಿದ್ದ. ಒಂಬತ್ತು ದಿನಗಳ ಹಿಂದೆ ಹೂವಿನ ಹಿಪ್ಪರಗಿಯ ಮನೆಯಿಂದ ಬೈಕ್ ಹತ್ತಿ ಹೋದವನು ಮರಳಲಿಲ್ಲ. ಬೈಕ್ ಮಾತ್ರ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನ ಗೋಡೆಗೆ ಒರಗಿ ನಿಂತಿತ್ತು. ಅದರ ಡಬ್ಬಿಯಲ್ಲಿ ಈ ನೋಟ್‌ಬುಕ್.

ಕೊನೆಯ ಪುಟದಲ್ಲಿ ಎರಡೇ ಸಾಲು.

0540 ಹೊರಟೆ.

1235 ಬಂದ. ಅವನ ಜೊತೆ ಹೋಗುತ್ತಿದ್ದೇನೆ.

“ಐದು ನಲವತ್ತು ಅಂದ್ರ ಎದ್ದ ಹೊತ್ತು, ಮಿಲಿಟರಿ ಮಂದಿ ಹಂಗೇ ಬರೀತಾರ ಅಂದ ಅವನ ದೋಸ್ತ,” ಎಂದಳು ರಾಜಶ್ರೀ. “ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕ ಯಾರೋ ಬಂದಾರ, ಅವರ ಕೂಡ ಹೋಗ್ಯಾನ ಅಂದ. ನಾವೂ ಹಂಗೇ ಬರಕೊಂಡ್ವಿ.”

“ದೋಸ್ತ ಅಂದ್ರ?”

“ಸಂಜೀವಕುಮಾರ. ಸಿಂದಗಿಯಂವ. ಅಲ್ಲಿ ಆಫ್ರಿಕಾದಾಗ ಇಬ್ಬರೂ ಒಂದೇ ವೈರ್‌ಲೆಸ್ ರೂಮಿನ್ಯಾಗ ಇದ್ರಂತ.”

ಧರೆಪ್ಪನವರು ಮೊದಲ ಬಾರಿಗೆ ತಲೆ ಎತ್ತಿದರು. ಅವರ ಮುಖದಲ್ಲಿ ನಗುವಿತ್ತು, ಆದರೆ ಅದು ಒಳ್ಳೆಯ ನಗುವಾಗಿರಲಿಲ್ಲ.

“ಸಿಗ್ನಲ್ಸಿನಂವ ಹೇಳಿದ್ನೇನ್ರಿ ಈ ಮಾತು?”

ಅವರು ಸೀಮೆಸುಣ್ಣ ತೆಗೆದುಕೊಂಡು ಪಕ್ಕದ ಮೋಟಾರಿನ ಕಬ್ಬಿಣದ ಮೈಮೇಲೆ ಬರೆದರು. 0540. ಅದರ ಕೆಳಗೆ 0530. ಗೆರೆ ಎಳೆದು ಕೂಡಿಸಿದರು.

1110.

“ಹನ್ನೊಂದೂ ಹತ್ತು. ಹೆಣ್ಮಗಳು ಖರೇನೇ ಹೇಳ್ಯಾಳ ನೋಡ್ರಿ.”

ರಾಜಶ್ರೀ ಅರ್ಥವಾಗದೆ ಅವರ ಮುಖ ನೋಡಿದಳು.

“ದಿಲ್ಲ್ಯಾಗ ಕುಂತಂವ ತನ್ನ ಟೈಮು, ಆಫ್ರಿಕಾದಾಗ ಕುಂತಂವ ತನ್ನ ಟೈಮು ಬರದ್ರ, ಯಾವ ಸಂದೇಶ ಮೊದಲು ಬಂತು ಅಂತ ಹೆಂಗ ತಿಳಿಬೇಕ್ರಿ? ಅದಕ್ಕ ಲಾಗ್ ಬುಕ್ಕಿಗೆ ಜಗತ್ತಿಗೆಲ್ಲಾ ಒಂದೇ ಟೈಮು. ಝೂಲು ಟೈಮ್ ಅಂತೇವಿ. ನಮ್ಮ ಗಡಿಯಾರಕ್ಕಿಂತ ಐದೂವರಿ ತಾಸು ಹಿಂದ. ಉಣ್ಣೂದು ಒಂದು ಟೈಮಿನ್ಯಾಗ, ಬರಿಯೂದು ಇನ್ನೊಂದರಾಗ. ಕೈಗೆ ಹತ್ತಿದ ಚಾಳಿ, ರಜಾಕ್ಕ ಬಂದ್ರೂ ಬಿಡೂದಿಲ್ಲ. ನನ್ನ ಮಗಳು ಹುಟ್ಟಿದ ಹೊತ್ತು ಹಂಗೇ ಬರದು ಅಯ್ಯನವರ ಕೈಯಾಗ ಕೊಟ್ಟಿದ್ನಿ. ಐದೂವರಿ ತಾಸು ತಪ್ಪಿದ ಜಾತಕ ಹಿಡಕೊಂಡೇ ಆಕಿ ಲಗ್ನಾ ಆತು.”

“ಸಂಸಾರ?”

“ಚೊಲೋ ನಡದೈತ್ರಿ. ಖರೇ ಜಾತಕ ಕೊಟ್ಟಿದ್ರ ಏನಾಗ್ತಿತ್ತೋ!”

ರಾಜಶ್ರೀಗೆ ನಗು ಬರಲಿಲ್ಲ. ಅವಳ ಕಣ್ಣು ಎರಡನೆಯ ಸಾಲಿನ ಮೇಲಿತ್ತು. ಹನ್ನೆರಡೂ ಮೂವತ್ತೈದಕ್ಕೆ ಐದೂವರೆ ಗಂಟೆ ಕೂಡಿಸಿದಳು. ಸಂಜೆ ಆರು ಗಂಟೆ ಐದು ನಿಮಿಷ.

ಯಾರ್ಡಿನ ಗೇಟಿನಲ್ಲಿ ಚಹಾ ಅಂಗಡಿ ಇಟ್ಟಿರುವ ಫಿರೋಜ ಮೊದಲ ದಿನವೇ ಹೇಳಿದ್ದ: ಮಿಲಿಟರಿ ಬೂಟಿನ ಆ ಮನುಷ್ಯ ಮಧ್ಯಾಹ್ನವೆಲ್ಲ ಅಲ್ಲೇ ಕುಳಿತು ನಾಲ್ಕು ಚಹಾ ಕುಡಿದ, ಹೊತ್ತು ಮುಳುಗುವವರೆಗೂ ಇದ್ದ. ದಿನ ತಪ್ಪಿ ಹೇಳುತ್ತಿದ್ದಾನೆಂದು ಅವಳೇ ಆ ಹೇಳಿಕೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಯಾರ್ಡಿನ ಕ್ಯಾಮರಾದಲ್ಲಿ ಹನ್ನೆರಡರಿಂದ ಎರಡರವರೆಗೆ ಮಾತ್ರ ನೋಡಿದ್ದರು. ಆರು ಗಂಟೆಯದನ್ನು ಯಾರೂ ನೋಡಿಲ್ಲ. ಆ ಕ್ಯಾಮರಾ ಹತ್ತು ದಿನಕ್ಕೊಮ್ಮೆ ಹಳೆಯದನ್ನು ಅಳಿಸಿಕೊಳ್ಳುತ್ತದೆ.

ಇವತ್ತು ಒಂಬತ್ತು.

“ಬಂದವನ ಹೆಸರು ಯಾಕ ಬರದಿಲ್ಲ ಕಾಕಾ?”

“ವೈರ್‌ಲೆಸ್ಸಿನ್ಯಾಗ ಯಾರ ಹೆಸರೂ ತಗೊಳ್ಳಂಗಿಲ್ಲ. ಬ್ಯಾರೆಯವರು ಕೇಳ್ತಿರ್ತಾರ.” ಧರೆಪ್ಪನವರು ಪುಟಗಳನ್ನು ಹಿಂದಕ್ಕೆ ತಿರುವಿದರು. ಪ್ರತಿ ಪುಟದ ಮೂಲೆಯಲ್ಲಿ ಕೈಯಿಂದ ಬರೆದ ಸಂಖ್ಯೆ ಇತ್ತು. ಒಂದು ಕಡೆ ಅವರ ಬೆರಳು ನಿಂತಿತು. “ಇದೇನ್ರಿ? ಅರವತ್ತರ ಮುಂದ ಅರವತ್ತಮೂರು ಐತಿ.”

ಹೊಲಿಗೆಯ ಸಂದಿಯಲ್ಲಿ ಬ್ಲೇಡಿನಿಂದ ಕತ್ತರಿಸಿದ ಹಾಳೆಯ ಒಂದು ಎಳೆ ಉಳಿದಿತ್ತು.

“ಅಂವ ತಗದಿರಬಹುದಲ್ಲ?”

“ನಾವು ಹಾಳಿ ಹರಿಯೂದಿಲ್ಲ ಮೇಡಂ. ತಪ್ಪಾದ್ರ ಒಂದು ಗೆರಿ ಹೊಡದು ಸಹಿ ಮಾಡ್ತೇವಿ. ನಂಬರ್ ಹಾಕೂದೇ ಅದಕ್ಕ. ಇದು ಅವನ ಕೆಲಸ ಅಲ್ಲ. ಈ ಬುಕ್ಕು ಬ್ಯಾರೆ ಯಾರ ಕೈಯಾಗ ಕೊಟ್ಟಿದ್ರಿ?”

ರಾಜಶ್ರೀ ಆ ಕತ್ತರಿಸಿದ ಎಳೆಯ ಮೇಲೆ ಬೆರಳಿಟ್ಟಳು. ನೋಟ್‌ಬುಕ್ ಸಿಕ್ಕ ದಿನ ಬಾಗೇವಾಡಿ ಠಾಣೆಯಲ್ಲಿ ಅದನ್ನು ಸಂಜೀವಕುಮಾರನ ಮುಂದೆ ಇಟ್ಟವಳು ಅವಳೇ. ಡಿವೈಎಸ್ಪಿ ಫೋನ್ ಬಂದಿತ್ತು. ಅವಳು ಎದ್ದು ಹೊರಗೆ ಹೋಗಿದ್ದಳು. ಹೆಚ್ಚೆಂದರೆ ಹತ್ತು ನಿಮಿಷ.

ಇಡೀ ಠಾಣೆಯಲ್ಲಿ ಬೀಗಗಳನ್ನು ಎರಡೆರಡು ಬಾರಿ ಜಗ್ಗಿ ನೋಡುವವಳು ಎಂದು ಅವಳನ್ನು ಆಡಿಕೊಳ್ಳುತ್ತಿದ್ದರು. ಆ ಹತ್ತು ನಿಮಿಷಕ್ಕೆ ಬೀಗವೇ ಇರಲಿಲ್ಲ.

* * *

ಜೀಪು ಸಿಂದಗಿ ದಾಟುವಾಗ ಮುದ್ದೇಬಿಹಾಳ ಠಾಣೆಗೆ ಫೋನ್ ಹಚ್ಚಿದಳು. ಯಾರ್ಡಿನ ಕ್ಯಾಮರಾದ್ದು ಈಗಲೇ ತೆಗೆದಿಡಬೇಕು, ಐದೂವರೆಯಿಂದ ಏಳರವರೆಗೆ. ಆಪರೇಟರ್ ಸಂಜೆ ಬರುತ್ತಾನೆ ಎಂದರು. ಸಂಜೆಯವರೆಗೆ ಕಾಯುವುದಾಗುವುದಿಲ್ಲ, ಮನೆಯಿಂದ ಕರೆಸಿ ಎಂದಳು.

“ಡಿವೈಎಸ್ಪಿ ಸಾಹೇಬ್ರು ನಾಳಿ ಸಂಜಿಗೆ ಫೈಲ್ ಮುಗಸ್ರಿ ಅಂದಾರಲ್ರಿ,” ಎಂದ ಜೀಪು ನಡೆಸುತ್ತಿದ್ದ ಕಾನ್‌ಸ್ಟೇಬಲ್ ಬಿಲಾಲ. “ತಾನಾಗೇ ಹೋದಂವನ್ನ ಹುಡುಕಿದ್ರ ಸಿಗ್ತಾನೇನ್ರಿ?”

ಸಿದ್ದಾರೂಢನ ಫೋನಿನಿಂದ ಹೆಂಡತಿಗೆ ಮೂರು ಸಂದೇಶ ಬಂದಿದ್ದವು. ‘ನಾನು ಆರಾಮವಾಗಿದ್ದೇನೆ. ನನ್ನನ್ನು ಹುಡುಕಬೇಡಿ.’ ಎರಡು ನಿಮಿಷ ಫೋನ್ ಚಾಲೂ ಆಗುವುದು, ಮತ್ತೆ ಬಂದ್ ಆಗುವುದು. ಮೂರೂ ಬೇರೆ ಬೇರೆ ಊರುಗಳಿಂದ. ಆ ಮೂರು ದಿನವೂ ಸಂಜೀವಕುಮಾರ ಗೆಳೆಯನನ್ನು ಹುಡುಕಲು ಹೊರಗೆ ಹೋಗಿದ್ದ. ಇದನ್ನು ಅವಳು ಮೊದಲೇ ಬರೆದುಕೊಂಡಿದ್ದಳು. ಆದರೆ ಹನ್ನೆರಡೂ ಮೂವತ್ತೈದಕ್ಕೆ ಅವನು ಸಿಂದಗಿಯಲ್ಲಿ ತಂಗಿಯ ಮಗುವಿನ ತೊಟ್ಟಿಲ ಕಾರ್ಯದಲ್ಲಿದ್ದ. ಅರವತ್ತು ಜನ ನೋಡಿದ್ದರು. ವಿಡಿಯೋದಲ್ಲಿ ತೊಟ್ಟಿಲು ತೂಗುತ್ತಿದ್ದ.

ತೊಟ್ಟಿಲ ಕಾರ್ಯ ಮೂರಕ್ಕೆ ಮುಗಿದಿತ್ತು. ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಎರಡು ತಾಸಿನ ದಾರಿ.

ಎರಡರಲ್ಲಿ ಒಂದು. ಅವನು ಸಿಗ್ನಲ್ಸ್‌ನವನೇ ಅಲ್ಲ. ಇಲ್ಲವೆ ಎಲ್ಲ ತಿಳಿದೂ ಸುಳ್ಳು ಹೇಳಿದ.

ಯಾವುದೆಂದು ತಿಳಿಯುವುದು ಹೇಗೆ? ಧರೆಪ್ಪನವರ ಸೀಮೆಸುಣ್ಣದ ಲೆಕ್ಕ ಅವಳ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿತ್ತು. ಐದೂವರೆ ಗಂಟೆ ಹಿಂದೆ. ಹಿಂದೆ ಇರುವ ಗಡಿಯಾರವೊಂದನ್ನು ಅವಳು ಎಲ್ಲೋ ನೋಡಿದ್ದಳು.

ಹಿಪ್ಪರಗಿಯ ಕಮಾನು ಕಾಣುವಾಗ ನೆನಪಾಯಿತು.

* * *

ಸಿದ್ದಾರೂಢನ ಮನೆಯ ಪಡಸಾಲೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಬಾಗಿಲ ಮೇಲೆ. ಇನ್ನೊಂದು ಒಳಗೋಡೆಯಲ್ಲಿ, ಅವನ ಸಮವಸ್ತ್ರದ ಫೋಟೋದ ಪಕ್ಕ. “ಅದು ಕೆಟ್ಟೈತವ್ವಾ, ಅದನ್ನ ನೋಡಬ್ಯಾಡ,” ಎಂದು ಅವನ ತಾಯಿ ಸುಂದರವ್ವ ಮೊದಲ ದಿನವೇ ಹೇಳಿದ್ದಳು. ಕೆಟ್ಟ ಗಡಿಯಾರ ನಿಂತಿರಬೇಕಿತ್ತು. ಇದು ಟಿಕ್ ಟಿಕ್ ಎಂದು ನಡೆಯುತ್ತಲೇ ಇತ್ತು.

ರಾಜಶ್ರೀ ಒಳಗೆ ಬಂದಾಗ ಬಾಗಿಲ ಮೇಲಿನದರಲ್ಲಿ ಮೂರು ಗಂಟೆ. ಫೋಟೋದ ಪಕ್ಕದ್ದರಲ್ಲಿ ಒಂಬತ್ತೂವರೆ.

ಗೆಳೆಯನನ್ನು ಹುಡುಕಲೆಂದು ಬಂದು ಈ ಮನೆಯಲ್ಲೇ ಉಳಿದಿದ್ದ ಸಂಜೀವಕುಮಾರ ಪಡಸಾಲೆಯಲ್ಲೇ ಇದ್ದ. ನುಣ್ಣಗೆ ಬೋಳಿಸಿದ ಗಡ್ಡ, ನೆಟ್ಟಗೆ ನಿಂತ ಬೆನ್ನು. ಎದ್ದು ನಿಂತು ನಮಸ್ಕಾರ ಮಾಡಿದ. “ಏನರ ತಿಳೀತೇನ್ರಿ ಮೇಡಂ?”

“ತಿಳಿದೈತಿ. ಕುಂದರ್ರಿ, ಬಂದೆ,” ಎಂದು ರಾಜಶ್ರೀ ಅಡುಗೆಮನೆಗೆ ಹೋದಳು. ಬಿಲಾಲನಿಗೆ ಹೊರಬಾಗಿಲಲ್ಲಿ ನಿಲ್ಲಲು ಕಣ್ಣಲ್ಲೇ ಹೇಳಿದಳು.

ಸಿದ್ದಾರೂಢನ ಹೆಂಡತಿ ವಿಜಯಲಕ್ಷ್ಮಿ ಒಲೆಯ ಮುಂದೆ ನಿಂತಿದ್ದಳು. ಏಳು ತಿಂಗಳ ಹೆಣ್ಣುಮಗು ಸೊಂಟದ ಮೇಲೆ ನಿದ್ದೆ ಹೋಗಿತ್ತು. ಅಪ್ಪ ಆಫ್ರಿಕಾದಲ್ಲಿದ್ದಾಗ ಹುಟ್ಟಿದ ಮಗು. ಅವನು ಅದನ್ನು ಎತ್ತಿಕೊಂಡದ್ದು ಹನ್ನೊಂದೇ ದಿನ. ಫೋನು ಅವಳ ಎಡಗೈಯಲ್ಲಿತ್ತು. ಈ ಒಂಬತ್ತು ದಿನಗಳಲ್ಲಿ ರಾಜಶ್ರೀ ಆ ಕೈಯನ್ನು ಖಾಲಿ ನೋಡಿರಲಿಲ್ಲ.

“ಆ ಗಡಿಯಾರ ಯಾರು ಹಚ್ಚಿದ್ದು?” ರಾಜಶ್ರೀ ದನಿ ಇಳಿಸಿ ಕೇಳಿದಳು.

“ಅವರೇ. ಬಂದ ಮರುದಿನ. ಮುಟ್ಟಬ್ಯಾಡ, ಇದು ನನ್ನ ಡ್ಯೂಟಿ ಟೈಮು ಅಂದ್ರು.” ಅವಳು ಚಹಾದ ಪಾತ್ರೆ ಇಳಿಸಿದಳು. “ಅಕ್ಕಾರ, ಆ ಮೆಸೇಜು ಅವರು ಕಳಿಸಿದ್ದಲ್ಲ. ನಾ ಎಷ್ಟು ಸಲ ಹೇಳ್ಲಿ?”

“ಯಾಕ ಅಲ್ಲ? ಇವತ್ತು ಪೂರಾ ಹೇಳು.”

ವಿಜಯಲಕ್ಷ್ಮಿ ಪಡಸಾಲೆಯ ಕಡೆ ನೋಡಿ, ನಲ್ಲಿ ತಿರುವಿದಳು. ನೀರಿನ ಸದ್ದಿನ ಕೆಳಗೆ ಮಾತಾಡಿದಳು.

“ಅಲ್ಲಿ ತಗಡಿನ ಕಂಟೇನರಿನ್ಯಾಗ ಕುಂತು ಡ್ಯೂಟಿ ಅಂತ್ರಿ. ಹೊರಗ ಬಿಸಲು, ಬಾಜೂಕ ಜನರೇಟರಿನ ಸಪ್ಪಳ, ಕಿವಿಗಿ ಹೆಡ್‌ಫೋನ್. ತಾಸಿಗೊಮ್ಮೆ ಪಹರೆಕ್ಕ ಹೋದವರನ್ನ ಕರೆಯೂದು, ಅವರು ಉತ್ತರ ಕೊಟ್ಟಿದ್ದು ಬರಿಯೂದು. ಡ್ಯೂಟಿ ಮುಗದ ಕೂಡ್ಲೇ ನನಗ ಒಂದು ಮಿಸ್ಡ್ ಕಾಲ್. ನಮ್ಮ ಟೈಮಿಗೆ ಮೂರೂವರಿಗೆ. ಎರಡು ರಿಂಗ್ ಆಗಿ ಕಟ್ ಆದ್ರ ಆರಾಮ ಅದೇನಿ ಅಂತ. ನಾ ತಿರುಗಿ ಒಂದು ರಿಂಗ್ ಕೊಡಬೇಕು, ಮುಟ್ಟಿತು ಅಂತ. ಹನ್ನೊಂದು ತಿಂಗಳು ಒಂದು ದಿನ ತಪ್ಪಿಲ್ಲ. ಹೆರಿಗಿ ದಿನಾನೂ ತಪ್ಪಿಲ್ಲ. ಬರದು ಕಳಿಸೂ ಮನುಷ್ಯಾ ಅಲ್ರಿ ಅವರು.”

“ಎರಡಕ್ಕಿಂತ ಹೆಚ್ಚು ಬಂದ್ರ?”

“ಒಮ್ಮಿನೂ ಬಂದಿಲ್ಲ.” ಅವಳು ತಡೆದಳು. “ಮೂರು ಬಂದ್ರ ತಿರುಗಿ ಮಾಡಬ್ಯಾಡ ಅಂದಿದ್ರು. ಬಾಜೂಕ ಯಾರೋ ಕುಂತು ಕೇಳಾಕತ್ತಾರ ಅಂತ ತಿಳ್ಕೋ, ಸುಮ್ನಿರು ಅಂದಿದ್ರು. ಇದು ನಮ್ಮಿಬ್ಬರಿಗೇ ಗೊತ್ತು.”

“ಇಲ್ಲಿಗೆ ಬಂದ ಮ್ಯಾಲ ಹೆಂಗಿದ್ರು?”

“ನಿದ್ದಿ ಇರಲಿಲ್ಲ. ಕೂಸು ಅತ್ತರ ಎದ್ದು ಕುಂದರ್ತಿದ್ರು. ‘ಯಾರರ ಉತ್ತರ ಕೊಡ್ರಿ, ಕರೆಯಾಕತ್ತಾರ’ ಅಂತಿದ್ರು. ಒಂದಿನಾ ನಾ ಬಿಡಲಾರದ ಕೇಳಿದ್ನಿ. ಒಂದು ಪಹರೆ ಗಾಡಿ ಮೂರು ಸಲ ಕರದಿತ್ತಂತ. ಸೆಟ್ಟಿನ ಮುಂದ ಯಾರೂ ಇರಲಿಲ್ಲಂತ. ಇವರು ಡ್ಯೂಟಿ ಇಲ್ದ ಬಾಜೂ ಕೋಣ್ಯಾಗ ಬ್ಯಾರೆ ಸೆಟ್ ರಿಪೇರಿ ಮಾಡಾಕತ್ತಿದ್ರು. ಅದರಾಗ ಕೇಳ್ಯಾರ, ಆದ್ರ ಅದರಿಂದ ಮಾತಾಡಾಕ ಬರ್ತಿರಲಿಲ್ಲ. ಓಡಿ ಬರೂದ್ರಾಗ ಗಾಡಿ ಸುಮ್ನಾಗಿತ್ತು. ‘ಡ್ಯೂಟಿ ನಂದಲ್ಲ, ವಿಜಿ. ಆದ್ರ ಕಿವಿ ನಂದಿತ್ತು’ ಅಂದ್ರು. ಬರೂ ತಿಂಗಳು ವಿಚಾರಣೆ ಐತ್ರಿ. ಇವರು ಸಾಕ್ಷಿ ಹೇಳಬೇಕು.”

“ಡ್ಯೂಟಿ ಯಾರದಿತ್ತು?”

ವಿಜಯಲಕ್ಷ್ಮಿ ತಲೆ ಅಲ್ಲಾಡಿಸಿದಳು. “ಹೆಸರು ಹೇಳಲಿಲ್ಲ. ಹೆಸರು ಹೇಳಂಗಿಲ್ಲ ಅಂದ್ರು.”

ಅರವತ್ತೊಂದು, ಅರವತ್ತೆರಡು: ಕತ್ತರಿಸಿ ತೆಗೆದ ಪುಟಗಳು. ಆ ಹಾಳೆಯಲ್ಲಿ ಏನಿತ್ತೆಂದು ರಾಜಶ್ರೀಗೆ ಈಗ ಊಹಿಸಬೇಕಾಗಿರಲಿಲ್ಲ.

* * *

ಅವಳು ಕುರ್ಚಿಯನ್ನು ಎಳೆದು, ಬಾಗಿಲ ಮೇಲಿನ ಗಡಿಯಾರ ಸಂಜೀವಕುಮಾರನ ಬೆನ್ನಿಗೆ ಬರುವಂತೆ ಅವನೆದುರು ಕುಳಿತಳು. ಅವನ ಕೈಯಲ್ಲಿ ವಾಚಿರಲಿಲ್ಲ. ಫೋನು ಮೂಲೆಯಲ್ಲಿ ಚಾರ್ಜಿಗಿತ್ತು.

“ನಿಮ್ಮ ದೋಸ್ತನ ಬುಕ್ಕು ಇನ್ನೊಮ್ಮೆ ಓದಿ ಹೇಳ್ರಿ,” ಎಂದು ಕೊನೆಯ ಪುಟದ ಝೆರಾಕ್ಸ್ ಮುಂದಿಟ್ಟಳು.

“ಹೇಳೇನಲ್ರಿ. ಐದು ನಲವತ್ತಕ್ಕ ಎದ್ದಾನ. ಹನ್ನೆರಡೂ ಮೂವತ್ತೈದಕ್ಕ ಯಾರೋ ಬಂದಾರ.”

“ಮಧ್ಯಾಹ್ನ?”

“ಮಧ್ಯಾಹ್ನಾನೇ. ರಾತ್ರಿ ಹನ್ನೆರಡಕ್ಕ ಮಾರ್ಕೆಟ್ ಯಾರ್ಡಿಗಿ ಯಾರು ಬರ್ತಾರ್ರಿ, ದೆವ್ವ?” ನಕ್ಕ.

ವಿಜಯಲಕ್ಷ್ಮಿ ಚಹಾ ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ಸುಂದರವ್ವ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ರಾಜಶ್ರೀ ಫೋನ್ ಮಾಡಬೇಕಾದವಳಂತೆ ಜೇಬು ತಡವಿ, ಬೇರೆಲ್ಲೋ ನೋಡುತ್ತ ಕೇಳಿದಳು:

“ಟೈಮ್ ಎಷ್ಟಾತ್ರಿ?”

ಸಂಜೀವಕುಮಾರ ತಲೆ ಎತ್ತಿ ಎದುರಿನ ಗೋಡೆ ನೋಡಿದ. ಫೋಟೋದ ಪಕ್ಕದ ಗಡಿಯಾರ ನೋಡಿದ. ಒಂದು ಕ್ಷಣವೂ ತಡೆಯಲಿಲ್ಲ.

“ಮೂರೂ ಇಪ್ಪತ್ತೈದು.”

ಸುಂದರವ್ವನ ಮೊರ ನಿಂತಿತು.

“ಯಪ್ಪಾ, ಆ ಗಡಿಯಾರ ಕೆಟ್ಟೈತಲ್ಲೋ,” ಎಂದಳು. “ಒಂಬತ್ತೂ ಐವತ್ತೈದು ತೋರಸಾಕತ್ತೈತಿ.”

ಕೆಟ್ಟ ಗಡಿಯಾರ ನಡೆಯುತ್ತಿತ್ತು. ಸಂಜೀವಕುಮಾರ ಅದನ್ನು ಮತ್ತೊಮ್ಮೆ ನೋಡಿದ. ಈ ಸಲ ಅದನ್ನು ಮೊದಲ ಬಾರಿ ಕಂಡವನಂತೆ ನೋಡಿದ. ಚಹಾದ ಕಪ್ಪನ್ನು ಕೆಳಗಿಟ್ಟ.

“ಅಂದಾಜಿನ ಮ್ಯಾಲ ಹೇಳಿದ್ನಿ.”

“ಬರೋಬ್ಬರಿ ಅಂದಾಜು. ಆ ಮುಳ್ಳು ನೋಡಿ ಐದೂವರಿ ತಾಸು ಕೂಡಿಸಿ ಹೇಳಿದ್ರಿ. ವಿಚಾರ ಮಾಡೂದೂ ಬೇಕಾಗಲಿಲ್ಲ. ಮತ್ತ ಈ ಬುಕ್ಕು ಓದುವಾಗ ಯಾಕ ಕೂಡಿಸಲಿಲ್ಲ ಸಂಜೀವಕುಮಾರ?”

“ಮೇಡಂ—”

“ಆ ದಿನ ಸಂಜಿ ಆರೂ ಐದಕ್ಕ ಎಲ್ಲಿದ್ರಿ?”

ವಿಜಯಲಕ್ಷ್ಮಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ಭಾವಾರ, ನೀವು ಈ ಮನ್ಯಾಗ ಒಂಬತ್ತು ದಿನಾ ಉಂಡೀರಿ.” ಅವಳ ದನಿ ಏರಲಿಲ್ಲ. “ನನ್ನ ಕೈಲೇ ರೊಟ್ಟಿ ಹಾಕಿಸ್ಕೊಂಡು ಉಂಡೀರಿ.”

“ವೈನಿ, ನಾ ಅವನಿಗೆ ಏನೂ ಮಾಡಿಲ್ಲ. ನನ್ನ ತಂಗಿ ಕೂಸಿನ ಮ್ಯಾಲ ಆಣಿ.” ಬೆವರು ಅವನ ಮೂಗಿನ ಮೇಲೆ ನಿಂತಿತ್ತು. “ಕುಂತು ಮಾತಾಡೋಣು ಅಂತ ಕರದಿದ್ದು ಖರೇ. ಆ ಹಾಳಿ ಬಿಟ್ಟುಕೊಡು ಅನ್ನಾಕ ಹೋಗಿದ್ದೂ ಖರೇ. ಅಂವ ಒಪ್ಪಲಿಲ್ಲ. ಆಮ್ಯಾಲಿಂದು...”

“ಆಮ್ಯಾಲಿಂದು?”

ಅವನು ಬಾಯಿ ತೆರೆದ. ಕತ್ತು ತಿರುಗಿಸಿ ಬೆನ್ನ ಹಿಂದಿನ ಬಾಗಿಲ ಕಡೆ ನೋಡಿದ, ಬಿಲಾಲನ ಕಡೆಗಲ್ಲ, ಅವನ ಆಚೆ, ಖಾಲಿ ಓಣಿಯ ಕಡೆ. ಅಷ್ಟು ಹೊತ್ತೂ ಅವನ ಮುಖದಲ್ಲಿ ಸಿಕ್ಕಿಬಿದ್ದವನ ಅಂಜಿಕೆ ಹುಡುಕುತ್ತಿದ್ದ ರಾಜಶ್ರೀಗೆ ಆಗ ತಿಳಿಯಿತು. ಅವನು ಅಂಜುತ್ತಿದ್ದದ್ದು ಪೊಲೀಸರಿಗಲ್ಲ, ಹೊರಗಿರುವ ಬೇರೆ ಯಾರಿಗೋ.

ಫೋನು ಗುಣುಗಿತು.

ವಿಜಯಲಕ್ಷ್ಮಿಯ ಎಡಗೈಯಲ್ಲಿ ಪರದೆ ಬೆಳಗಿತ್ತು. ಹೆಸರಿಲ್ಲದ ನಂಬರು. ಫೋಟೋದ ಪಕ್ಕದ ಗಡಿಯಾರದಲ್ಲಿ ಹತ್ತು ಗಂಟೆ ಸರಿಯಾಗಿತ್ತು.

ಒಂದು.

ಸುಂದರವ್ವ ಮೊರ ಕೆಳಗಿಟ್ಟಳು.

ಎರಡು.

“ಅವರೇ,” ಎಂದಳು ವಿಜಯಲಕ್ಷ್ಮಿ. ಒಂಬತ್ತು ದಿನಗಳಲ್ಲಿ ಮೊದಲ ಬಾರಿ ಅವಳ ಮುಖ ಸಡಿಲಾಯಿತು. ಮಗುವನ್ನು ಎದೆಗೆ ಒತ್ತಿಕೊಂಡಳು. “ಅಕ್ಕಾರ, ಅವರೇ—”

ಮೂರು.

ಕಟ್ಟಾಯಿತು.

ರಾಜಶ್ರೀ ಕುರ್ಚಿಯಿಂದ ಏಳುವಷ್ಟರಲ್ಲಿ ತಡವಾಗಿತ್ತು. ಮೂರೆಂದು ವಿಜಯಲಕ್ಷ್ಮಿಯ ಕಿವಿಗೆ ಗೊತ್ತಾಗಿತ್ತು, ಹೆಬ್ಬೆರಳಿಗೆ ಗೊತ್ತಾಗಿರಲಿಲ್ಲ. ಹನ್ನೊಂದು ತಿಂಗಳು ದಿನವೂ ಮಾಡಿದ ಕೆಲಸವನ್ನು ಅದು ತಾನಾಗಿ ಮಾಡಿಬಿಟ್ಟಿತ್ತು. ತಿರುಗಿ ಕರೆ ಹೋಗುತ್ತಿತ್ತು. ಅವಳು ಕೈ ಸುಟ್ಟುಕೊಂಡವಳಂತೆ ಫೋನನ್ನು ನೋಡಿದಳು.

“ಕಟ್ ಮಾಡು!” ರಾಜಶ್ರೀ ಕೂಗಿದಳು.

ಒಂದು ರಿಂಗ್ ಮುಗಿಯುವ ಮೊದಲೇ ಆ ಕಡೆ ಯಾರೋ ಎತ್ತಿದರು.

ಸ್ಪೀಕರ್ ಹಾಕಿರಲಿಲ್ಲ. ಆದರೂ ಆ ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತು. ಮೊದಲು ನೀರಿನ ಪಂಪಿನಂಥ ಸದ್ದು. ಅದರ ಹಿಂದೆ ಯಾರೋ ಬಾಯಿ ಮುಚ್ಚಿಸಿಕೊಂಡು ಉಸಿರಾಡುತ್ತಿರುವ ಸದ್ದು. ವಿಜಯಲಕ್ಷ್ಮಿ ಆ ಉಸಿರನ್ನು ಗುರುತಿಸಿದಳೆಂದು ರಾಜಶ್ರೀಗೆ ಅವಳ ಕಣ್ಣಿನಿಂದಲೇ ತಿಳಿಯಿತು.

ಆಮೇಲೆ ಒಂದು ದನಿ. ಸಮಾಧಾನದ, ವಯಸ್ಸಾದ, ನಮ್ಮ ಕಡೆಯದೇ ದನಿ.

“ಕೂಸು ಮಲಗೈತೇನವಾ? ಚೊಲೋ ಆತು. ಫೋನು ಸಂಜೀವನ ಕೈಯಾಗ ಕೊಡು.”

ರಾಜಶ್ರೀ ತಿರುಗಿ ನೋಡಿದಳು. ಸಂಜೀವಕುಮಾರ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಅವನು ಅಂಜಿದ್ದು ಈ ದನಿಗೇ.

“ಪಿಎಸ್‌ಐ ಬಾಯಾರ ಮುಂದೇ ಕೊಡು,” ಎಂದಿತು ದನಿ. “ಅವರೂ ಕೇಳ್ಲಿ.”